ಹೊಸ್ತಿಲು ದಾಟಿದ ಚಪ್ಪಲಿ

ಹಿಮ್ಮಡಿ ನೋವು ಯಾವಾಗ ಶುರುವಾಯಿತು ಎಂದು ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ರಾಯಚೂರಿನ ಡಾಕ್ಟರ ಮುಂದೆ, ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಳಿದ ಗಳಿಗೆ ಎಂದೆ. ಜೊತೆಗಿದ್ದ ಗಂಡ, ಅದಕ್ಕೂ ಮೊದಲೇ ಬೆಳಿಗ್ಗೆ ಗೋಡೆ ಹಿಡಿದು ನಡೆಯುತ್ತಿದ್ದೆ ಎಂದರು. ಎರಡೂ ನಿಜವಿರಬಹುದು, ಇರದಿರಲೂಬಹುದು. ನೆನಪು ಕಟ್ಟಿಕೊಡುವ ಆರಂಭ ಯಾವಾಗಲೂ ತೀರಾ ಚೆಂದವಾಗಿರುತ್ತದೆ. ಅದಕ್ಕೇ ನನಗೆ ಅನುಮಾನ.

ಅನುಮಾನವಿಲ್ಲದ್ದು ಕುರ್ಚಿ. ದೇವದುರ್ಗದ ನಮ್ಮ ಶಾಲೆಯ ಹೆಡ್‌ಮಾಸ್ಟರು, "ಕುಂತು ಪಾಠ ಮಾಡ್ರಿ ಟೀಚರ್, ಯಾರು ಬ್ಯಾಡಂತಾರ್ರೀ?" ಎಂದು ಅಕ್ಕರೆಯಿಂದಲೇ ಹಾಕಿಸಿದ್ದರು. ಕುಳಿತರೆ ನನಗೆ ಹಿಂದಿನ ಬೆಂಚು ಕಾಣಿಸುವುದಿಲ್ಲ. ಆ ಬೆಂಚಿನ ಮಕ್ಕಳೋ, ಕಣ್ಣಿಗೆ ಬೀಳದಿರಲು ಮೊದಲೇ ಕಲಿತವರು. ನಿಂತೇ ಕಲಿಸುತ್ತೇನೆಂದು ಹಟ ಹಿಡಿದೆ.

ವ್ಯಾಯಾಮ, ಮೆತ್ತನೆಯ ಅಟ್ಟೆ ಎಲ್ಲ ಸೋತ ಮೇಲೆ ಡಾಕ್ಟರು ಪಿಆರ್‌ಪಿ ಎಂದರು. ನನ್ನದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ತುಂಬಿದ ಹಳದಿ ತಿಳಿಯನ್ನು ಹಿಮ್ಮಡಿಗೆ ಚುಚ್ಚುವುದು. ಎಲ್ಲರಿಗೂ ಗುಣವಾಗುತ್ತದೆಂದು ಹೇಳಲಾರೆ ಎಂದೂ ಸೇರಿಸಿದರು. ಮಾನ್ವಿಯಿಂದ ಬಂದಿದ್ದ ಅತ್ತೆ ಎಮ್ಮೆ ಕಟ್ಟಿದ ಮನೆತನದವರು. "ಅಂದ್ರ ಬೆಣ್ಣಿ ತಗದಂಗ ಅನ್ನು. ಮೊಸರೂ ನಿಂದ, ಬೆಣ್ಣಿನೂ ನಿಂದ, ಡಾಕ್ಟರಂದು ಬರೇ ಕಡಗೋಲು!" ಎಂದರು.

ಚುಚ್ಚಿದಾಗ ಹಾಡುಹಗಲೇ ಚಿಕ್ಕೆ ಕಂಡವು. "ಬರಿಗಾಲಾಗ ಒಂದ್ ಹೆಜ್ಜಿನೂ ಇಡಬ್ಯಾಡ್ರಿ, ಮನಿ ಒಳಗೂ" ಎಂದು ಡಾಕ್ಟರು ಗಟ್ಟಿಯಾಗಿ ಹೇಳಿದರು. ತಲೆಯಾಡಿಸಿ ಹೊರಗೆ ಬಂದೆ, ಬರಿಗಾಲಲ್ಲಿ. ಚಪ್ಪಲಿ ದವಾಖಾನೆಯ ಬಾಗಿಲಲ್ಲಿ, 'ಪಾದರಕ್ಷೆ ಹೊರಗೆ ಬಿಡಿ' ಎಂಬ ಫಲಕದ ಕೆಳಗಿತ್ತು. ಹೇಳಿದವರಿಗೂ ಹೊಳೆಯಲಿಲ್ಲ, ಕೇಳಿದವಳಿಗೂ ಹೊಳೆಯಲಿಲ್ಲ. ಹೊಸ್ತಿಲು ಕಂಡರೆ ನಮ್ಮ ಕಾಲು ತಲೆಯನ್ನು ಕೇಳುವುದಿಲ್ಲ.

ಮನೆಯಲ್ಲಿ ಹೊಸ ರಬ್ಬರ್ ಚಪ್ಪಲಿ ಮೆಟ್ಟಿ ಅಡುಗೆಮನೆಗೆ ಹೊರಟರೆ ಅತ್ತೆ ಅಡ್ಡ ನಿಂತರು. "ದೇವರ ಜಗಲಿ ಮುಂದ ಚಪ್ಲಿ ಏನ ಬೇ?"

"ಚಪ್ಲಿ ಅಲ್ರೀ ಅತ್ತಿ, ದವಾ ಅದು."

ಅತ್ತೆ ಚಪ್ಪಲಿ ಇಸಿದುಕೊಂಡು ತೊಳೆದು, ಅರಿಶಿನ ನೀರು ಚಿಮುಕಿಸಿ, "ಇದು ಬಾಗಲ ದಾಟಿ ಹೊರಗ ಹೋಗಂಗಿಲ್ಲ ನೋಡು" ಎಂದು ಕೈಗಿಟ್ಟರು.

ಶಾಲೆ ಉಳಿದಿತ್ತು. ಅಲ್ಲಿ ಮಕ್ಕಳಂತೆ ಟೀಚರೂ ತರಗತಿಯ ಹೊರಗೇ ಚಪ್ಪಲಿ ಬಿಡುವುದು ರೂಢಿ. ಆ ರೂಢಿ ತಂದವಳೇ ನಾನು ಎನ್ನುತ್ತಾರೆ ಹೆಡ್‌ಮಾಸ್ಟರು, ನನಗೆ ನೆನಪಿಲ್ಲ. ಕೆಲವು ವಾರ ಕಳೆದರೂ ನೋವು ಪೂರ್ತಿ ಹೋಗಿರಲಿಲ್ಲ. ಬೆಳಗಿನ ಮೊದಲ ಹೆಜ್ಜೆಗೆ ಗೋಡೆ ಬೇಡವಾಗಿತ್ತು, ಅಷ್ಟೆ. ಅಷ್ಟು ಸಾಕೆಂದು ಕುರ್ಚಿಯನ್ನು ಮೂಲೆಗೆ ಸರಿಸಿ, ಹೊರಗೆ ಮೆಟ್ಟುವ ಚಪ್ಪಲಿ ಸಮೇತ ಕರಿಹಲಗೆಯ ಮುಂದೆ ನಿಂತೆ.

"ಟೀಚರ್, ಚಪ್ಲಿ!"

ತರಗತಿ ಗೊಳ್ಳೆಂದಿತು. ಕೂಗಿದ್ದು ಹಿಂದಿನ ಬೆಂಚಿನ ಹುಡುಗಿ, ಹಾಜರಿಗೂ ಬಾಯಿ ಬಿಡದವಳು. ನಾನು ಚಪ್ಪಲಿ ಬಿಡಲಿಲ್ಲ.

"ಹೌದವ್ವಾ, ನಿನ್ನ ನೋಡಾಕಂತನ ಹಾಕ್ಕೊಂಡೀನಿ. ಎದ್ದು ನಿಂದ್ರು, ಪಾಠ ಓದು."