ಗೋಡೆಯಾಚೆಯ ಹೆಪ್ಪು

ಹೆಪ್ಪೆಂದರೆ ಚಮಚದಷ್ಟು ಮೊಸರು, ಅಷ್ಟೇ. ಅದು ಕೆಟ್ಟ ದಿನವೇ ಅದರ ಬೆಲೆ ತಿಳಿಯುವುದು. ರಾಜಾಜಿನಗರದ ನಮ್ಮ ಮನೆಗೂ ಪಕ್ಕದ ನಾಗರತ್ನಮ್ಮನವರ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು ಗೋಡೆಯಿದೆ. ಅದರ ಮೇಲೆ ಎಷ್ಟೋ ವರ್ಷಗಳಿಂದ ಒಂದು ಸ್ಟೀಲ್ ಬಟ್ಟಲು ಅತ್ತಿಂದಿತ್ತ ಓಡಾಡುತ್ತಿದೆ. ನಮ್ಮ ಮೊಸರು ಕೆಟ್ಟರೆ ಅವರದು, ಅವರದು ಕೆಟ್ಟರೆ ನಮ್ಮದು. ಈಗ ಯಾರ ಮೊಸರು ಯಾರದೆಂದು ಹೇಳಬಲ್ಲ ಪಂಡಿತರು ಎರಡೂ ಮನೆಯಲ್ಲಿಲ್ಲ. "ಹೆಪ್ಪು ಇದ್ಯೇನೇ ಸುಮಾ? ದೀಪ ಹಚ್ಚೋ ಮುಂಚೆ ಕೊಡು!" ಎಂದು ಅವರು ಕೂಗಿದರೆ ಬೀದಿಯ ನಾಯಿಯೂ ಎದ್ದು ಕೂರುತ್ತಿತ್ತು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬ ಶಾಸ್ತ್ರ ಅವರಿಗೆ ಬಲು ಗಟ್ಟಿ. ದನಿ ಅದಕ್ಕಿಂತ ಗಟ್ಟಿ.

ಆ ದನಿಯ ಪೆಟ್ಟಿಗೆಗೇ ರೋಗ ಬಂತು. ತೆಗೆಯದೆ ವಿಧಿಯಿಲ್ಲವೆಂದರು ವೈದ್ಯರು. ರಾಜಾಜಿನಗರದಲ್ಲೇ, ನಾನು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಆಸ್ಪತ್ರೆಯಲ್ಲಿ ಚಿಕಿತ್ಸೆ. ಶಸ್ತ್ರಚಿಕಿತ್ಸೆಗೆ ಮುಂಚೆ ಅವರಿಂದ ದಿನಬಳಕೆಯ ಮಾತುಗಳನ್ನೆಲ್ಲ ಹೇಳಿಸಿ ರೆಕಾರ್ಡ್ ಮಾಡಿಕೊಂಡರು. ಮುಂದೆ ಟ್ಯಾಬಿನಲ್ಲಿ ಗುಂಡಿ ಒತ್ತಿದರೆ ಅವರದೇ ದನಿ ಮಾತಾಡಬೇಕು. ಗುಣವಾಗಿ ಮನೆಗೆ ಬಂದ ನಾಗರತ್ನಮ್ಮ ದಿನಾ ಗೋಡೆಯ ಹತ್ತಿರ ನಿಂತು, ಗಾಳಿಯಲ್ಲಿ ಗುಂಡಿ ಒತ್ತಿದಂತೆ ಬೆರಳಾಡಿಸಿ, ಯಾವಾಗ ಎಂದು ಹುಬ್ಬೇರಿಸುತ್ತಿದ್ದರು. ಮಾತುಗಳನ್ನು ಟ್ಯಾಬಿಗೆ ತುಂಬುವ ಮೊದಲೇ ನಮ್ಮ ಸರ್ವರ್ ಕೋಣೆಯ ಎ.ಸಿ.ಯಿಂದ ನೀರು ಸೋರಿ ಯಂತ್ರಗಳು ಸುಟ್ಟುಹೋದವು. ಇನ್ನೊಮ್ಮೆ ಹೇಳಿಸೋಣವೆಂದರೆ ಹೇಳುವ ಗಂಟಲೇ ಇಲ್ಲ.

ಆ ಮಾತುಗಳಿದ್ದದ್ದು ಒಂದು ವರ್ಚುವಲ್ ಮೆಷಿನ್ನಿನಲ್ಲಿ. ಮಿತ್ರರೇ, ಅದೊಂದು ವಿಚಿತ್ರ ಜೀವ: ಕಂಪ್ಯೂಟರಿನೊಳಗೆ ಕುಳಿತು ತಾನೇ ಬೇರೊಂದು ಕಂಪ್ಯೂಟರೆಂದು ನಂಬಿರುವ, ಮೈಯಿಲ್ಲದ ಬರಿಯ ಮನಸ್ಸು. ಹಲವು ಯಂತ್ರಗಳು ಕೂಡುಕುಟುಂಬದಂತೆ ಸೇರಿ ಅದನ್ನು ಸಾಕುತ್ತವೆ. ಆ ಕೂಟಕ್ಕೆ ಕ್ಲಸ್ಟರ್ ಎನ್ನುತ್ತೇವೆ. ಅಂಥ ಇನ್ನೊಂದು ಕೂಟ ಕೆಂಗೇರಿ ಉಪನಗರದ ನಮ್ಮ ಶಾಖೆಯಲ್ಲಿದೆ. ಪ್ರತಿ ಸಂಜೆ ಇಲ್ಲಿಯದರ ನಕಲು ಅಲ್ಲಿಗೆ ಹೋಗುತ್ತಿತ್ತು, ಪರದೆಯ ಮೇಲೆ ಹಸಿರು ಗುರುತು ಬೀಳುತ್ತಿತ್ತು, ನಾವು ಕಾಫಿಗೆ ಏಳುತ್ತಿದ್ದೆವು. ಆ ನಕಲನ್ನು ಎಬ್ಬಿಸಿ ನೋಡಿದವರು ಮಾತ್ರ ಯಾರೂ ಇರಲಿಲ್ಲ. ಹೆಪ್ಪಿನ ಯೋಗ್ಯತೆ ಹಾಲಿಗೆ ಹಾಕಿದ ಮೇಲಲ್ಲವೇ ಗೊತ್ತಾಗುವುದು?

ಮೆಟ್ರೊ ಹಿಡಿದು ಹೊರಟೆ. ದೀಪಾಂಜಲಿ ನಗರ ದಾಟುವಷ್ಟರಲ್ಲಿ ಕಿಟಕಿಯಲ್ಲಿ ಕಂಡ ಗೋಪುರಗಳಿಗೆಲ್ಲ ಕೈಮುಗಿದಿದ್ದೆ. ಕೆಂಗೇರಿಯಲ್ಲಿ ಸಹೋದ್ಯೋಗಿ ಮಂಜು ಆಗಲೇ ನಕಲನ್ನು ಎಬ್ಬಿಸಿದ್ದ.

"ಎದ್ದಿದೆ ಮೇಡಂ, ಆದ್ರೆ ಒಂದು ಫೈಲೂ ಕಾಣ್ತಿಲ್ಲ. ರಾಜಾಜಿನಗರದ ಸ್ಟೋರೇಜನ್ನೇ ಹುಡುಕ್ತಾ ಇದೆ. ತಾನಿನ್ನೂ ಅಲ್ಲೇ ಇದೀನಿ ಅಂದ್ಕೊಂಡಿದೆ, ಪಾಪ."

ನೆಂಟರ ಮನೆಯಲ್ಲಿ ಎಚ್ಚರಾದವರು ಕತ್ತಲಲ್ಲಿ ತಮ್ಮ ಮನೆಯ ಸ್ವಿಚ್ಚಿಗೆ ತಡಕಾಡುವುದಿಲ್ಲವೇ, ಹಾಗೆ. ಅಲ್ಲಿಯದರ ಬದಲು ಇಲ್ಲಿಯದನ್ನು ನೋಡೆಂದು ಒಂದೊಂದಾಗಿ ಹೇಳಿಕೊಟ್ಟು ಮತ್ತೆ ಎಬ್ಬಿಸಿದೆವು. ಫೈಲುಗಳು ಸಾಲಾಗಿ ಬಂದು ನಿಂತವು. ಮಂಜು ಒಂದನ್ನು ಒತ್ತಿದ.

"ಬಿಸಿಲು ನೋಡೇ ಹೆಂಗಿದೆ, ಕೊಡೆ ತಗೊಂಡ್ ಹೋಗು!"

ಮಂಜು ಬೆಚ್ಚಿ ಕುರ್ಚಿ ಸಮೇತ ಹಿಂದೆ ಸರಿದ. ನಾನು ಅತ್ತುಬಿಟ್ಟೆ. ಪರಕಾಯಪ್ರವೇಶದ ಕಥೆಗಳನ್ನು ಚಿಕ್ಕವಳಿದ್ದಾಗ ಕೇಳಿ, ಇದೆಲ್ಲ ಎಲ್ಲಾದರೂ ಉಂಟೇ ಎಂದು ನಕ್ಕವಳು ನಾನು. ಈಗ ಸುಟ್ಟ ಮೈಯನ್ನು ಒಂದೆಡೆ ಬಿಟ್ಟು ಬಂದ ಮನಸ್ಸು, ಕಂಡರಿಯದ ಯಂತ್ರಗಳ ನಡುವೆ ಎದ್ದು ಕುಳಿತು, ಇಲ್ಲದ ಗಂಟಲಿನ ದನಿಯಲ್ಲಿ, ಮಾತಿನ ನಡುವಿನ ಸಣ್ಣ ಕೆಮ್ಮನ್ನೂ ಮರೆಯದೆ ನನ್ನನ್ನು ಗದರುತ್ತಿತ್ತು. ದಿನವೂ ಮಾಡುವ ಕೆಲಸದೊಳಗೆ ಇಂಥ ಬೆರಗು ಅಡಗಿತ್ತೆಂದು ನನಗೆ ಹೊಳೆದೇ ಇರಲಿಲ್ಲ. ಎರಡು ಮನೆಯಲ್ಲಿರುವುದು ಸುಲಭಕ್ಕೆ ಸಾಯುವುದಿಲ್ಲ. ಇದನ್ನು ನಾನು ಆಸ್ಪತ್ರೆಯಲ್ಲಿ ಕಲಿಯಬೇಕಿರಲಿಲ್ಲ, ನಮ್ಮ ಗೋಡೆಯ ಮೇಲೆಯೇ ಇತ್ತು.

ಮರುದಿನ ಟ್ಯಾಬು ಅವರ ಕೈಸೇರಿತು. ಸಂಜೆ ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ.

"ಹೆಪ್ಪು ಇದ್ಯೇನೇ ಸುಮಾ? ದೀಪ ಹಚ್ಚೋ ಮುಂಚೆ ಕೊಡು!"

ಬೀದಿಯ ನಾಯಿ ಎದ್ದು ಕೂತಿತು. ಗೋಡೆಯಾಚೆ ನಾಗರತ್ನಮ್ಮ, ಕುತ್ತಿಗೆಗೆ ಸೆರಗು ಸುತ್ತಿ, ಟ್ಯಾಬನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದರು. ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿಹೋಗಿ ಬಟ್ಟಲು ತಂದು ಗೋಡೆಯ ಮೇಲಿಟ್ಟೆ. ಅವರು ಅದರತ್ತ ನೋಡಲೂ ಇಲ್ಲ, ಮತ್ತೊಮ್ಮೆ ಗುಂಡಿ ಒತ್ತಿದರು. ಅವರ ಮನೆಯಲ್ಲಿ ಅಂದು ಪಾತ್ರೆ ತುಂಬ ಮೊಸರಿತ್ತು.