ಅಕ್ಕನ ಹಾಲುಗಂಬ

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಬಂದು ಸುಂಟಿಕೊಪ್ಪದ ಬಳಿ ನೆಲೆ ನಿಂತ ಅಪ್ಪಯ್ಯ ಕಾಫಿ ಗಿಡಗಳ ನೆರಳಿಗೆ ಹಾಲುವಾಣ ನೆಡುತ್ತಿದ್ದರು. ತೋಳು ಗಾತ್ರದ ಕೊಂಬೆ ಕಡಿದು, ಕಡಿದ ಬಾಯಿ ಆರಲೆಂದು ಕೆಲವು ದಿನ ಗೋಡೆಗೆ ಒರಗಿಸಿಟ್ಟು, ಮಳೆ ಹಿಡಿಯುವ ಮುಂಚೆ ಗುಂಡಿಗಿಳಿಸಿದರೆ ಮುಗಿಯಿತು. ಬೇಲಿಗೆ ಬಿಸಾಕಿದ ತುಂಡೂ ಚಿಗುರುತ್ತಿತ್ತು. ಕೊಂದರೂ ಸಾಯದ ಜಾತಿ ಎಂದು ಅಪ್ಪಯ್ಯನೇ ನಗುತ್ತಿದ್ದರು.

ಆ ವೈಶಾಖದಲ್ಲಿ ಅಕ್ಕನ ಮದುವೆ. ನಮ್ಮಲ್ಲಿ ಚಪ್ಪರಕ್ಕೆ ಮೊದಲು ಹಾಲುವಾಣದ ಹಸಿ ಕೊಂಬೆಯನ್ನು ಹಾಲುಗಂಬವೆಂದು ಅಂಗಳದಲ್ಲಿ ನೆಟ್ಟು, ಹಾಲು ತುಪ್ಪ ಬಿಡಬೇಕು. ಮದುವೆ ಮುಗಿದರೂ ಕೀಳುವಂತಿಲ್ಲ. ಅದು ಚಿಗುರಿದರೆ ಸಂಸಾರ ಚಿಗುರಿತು, ಒಣಗಿದರೆ ಕೇಡು ಎಂದು ಅಜ್ಜಿ ಹೇಳುತ್ತಿದ್ದಳು. ಅಪ್ಪಯ್ಯ ಗಟ್ಟಿ ಕೊಂಬೆಯನ್ನೇ ಆರಿಸಿ ತಂದರು. ಅಕ್ಕ ಕುಶಾಲನಗರದ ಸೇತುವೆ ದಾಟಿ ಮೈಸೂರು ಸೀಮೆಯ ಸೊಸೆಯಾದಳು.

ಆಷಾಢಕ್ಕೆ ತವರಿಗೆ ಬಂದಾಗ ಕಂಬದ ತುದಿಯಲ್ಲಿ ಚಿಗುರಿತ್ತು. ಅಜ್ಜಿ ಬಂದವರಿಗೆಲ್ಲ ಅದನ್ನು ತೋರಿಸಿ ಬೀಗಿದಳು. ಅಕ್ಕ ಮಾತ್ರ ಅತ್ತ ನೋಡಲಿಲ್ಲ. ಅವಳ ಬೆನ್ನು ಉಜ್ಜಲು ಹೋದ ಅವ್ವ ಬಚ್ಚಲಿನಿಂದ ಬಿಳಿಚಿಕೊಂಡು ಹೊರಬಂದಳು. ಬೆನ್ನ ತುಂಬ ಬಾಸುಂಡೆ. ಭಾವ ದನಕ್ಕೆ ಬಡಿದಂತೆ ಬಡಿಯುತ್ತಾನೆ, ಬಾವಿಗೆ ನೂಕುತ್ತೇನೆ ಎನ್ನುತ್ತಾನೆ ಎಂದು ಅಕ್ಕ ಹೇಳಿದ್ದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ಅಜ್ಜಿ ಗೊಣಗಿದಳು.

ಆಷಾಢ ಕಳೆದು, ಕರೆದೊಯ್ಯಲು ಗಾಡಿ ಬಂದು ನಿಂತಾಗ ಅಕ್ಕ ಅಂಗಳ ದಾಟಲಿಲ್ಲ.

"ಅಪ್ಪಯ್ಯ, ನನ್ನ ಕಳಿಸ್ಬ್ಯಾಡಿ. ಹೋದ್ರೆ ನಾನು ಉಳಿಯಾದಿಲ್ಲ."

ಅಪ್ಪಯ್ಯ ಅವಳ ಮುಖ ನೋಡಲಿಲ್ಲ, ಕಂಬ ನೋಡಿದರು.

"ಹೆದ್ರುಬ್ಯಾಡ ಕಣವ್ವ. ಕಂಬ ಹೆಂಗೆ ಚಿಗುರೈತೆ ನೋಡು. ಎಲ್ಲ ನೆಟ್ಟಗಾಯ್ತದೆ."

ನನಗೆ ಇಂದಿಗೂ ಸಿಟ್ಟು ಬರುವುದು ಇದಕ್ಕೇ. ಅಜ್ಜಿಗೆ ತಿಳಿಯದು ಅನ್ನೋಣ. ಎಲ್ಲಿ ಎಸೆದರೂ ಚಿಗುರುವ ಮರವೆಂದು ನಗುತ್ತಿದ್ದ ಅಪ್ಪಯ್ಯ, ಹೆತ್ತ ಮಗಳ ಮಾತು ಬಿಟ್ಟು ಆ ಮರವನ್ನು ನಂಬಿ ಅವಳನ್ನು ಗಾಡಿ ಹತ್ತಿಸಿದರು.

ಮಾಘದಲ್ಲಿ ತೋಟದ ಹಾಲುವಾಣಗಳು ಎಲೆ ಉದುರಿಸಿ ಮೈತುಂಬ ಕೆಂಪು ಹೂ ಬಿಟ್ಟಿದ್ದಾಗ ಸುದ್ದಿ ಬಂತು. ಅಕ್ಕ ಬಾವಿಗೆ ಬಿದ್ದಳಂತೆ. ಬಿದ್ದಳು ಎಂದೇ ಭಾವನ ಮನೆಯವರು ಹೇಳಿದರು. ಅಪ್ಪಯ್ಯ ಮಣ್ಣು ಮಾಡಿ ಬಂದವರೇ ಕಂಬವನ್ನು ಬುಡಕ್ಕೆ ಕಡಿದರು. ಮುಂಗಾರು ಬಿದ್ದದ್ದೇ ಬುಡ ಮತ್ತೆ ಚಿಗುರಿತು. ಅವ್ವ ಕುದಿಯುವ ನೀರು ಸುರಿದಳು. ಶ್ರಾವಣದಲ್ಲಿ ಇನ್ನೊಂದು ಕಡೆಯಿಂದ ಚಿಗುರಿತು. ನಾನು ಹೆದರಿ ಅದನ್ನು ಬಳಸಿಕೊಂಡು ಓಡಾಡುತ್ತಿದ್ದೆ.

ಕೆಲವು ವರ್ಷದ ಮೇಲೆ ನನ್ನ ಮದುವೆ ಗೊತ್ತಾಯಿತು. ಕತ್ತಿ ಹಿಡಿದು ತೋಟಕ್ಕೆ ಹೊರಟ ಅಪ್ಪಯ್ಯನಿಗೆ ಅಡ್ಡ ನಿಂತೆ.

"ಒಣಗಿದ್ದು ತನ್ನಿ ಅಪ್ಪಯ್ಯ. ಅದು ಚಿಗುರಿದ್ರೆ ಆಮೇಲೆ ನಂಬಾಣ."

ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಅವ್ವ ತಡೆದಳು. ಅಪ್ಪಯ್ಯ ಸೌದೆ ರಾಶಿಯಿಂದ ಒಂದು ಒಣ ಕೊಂಬೆ ಎಳೆದು ತಂದು, ತಾವೇ ಗುಂಡಿ ತೋಡಿ ನೆಟ್ಟರು. ಅರಿಸಿನವನ್ನೂ ತಾವೇ ಬಳಿದರು.

"ಕಷ್ಟ ಅಂದ್ರೆ ಬಂದ್ಬಿಡವ್ವ," ಎಂದರು. "ಇನ್ನು ಕಂಬ ನೋಡಾದಿಲ್ಲ ನಾನು."