ಸಿಸ್ಟರಮ್ಮ ಒಪ್ಪದ ಕವಿ

ಮೊನ್ನೆ ಮೊಮ್ಮಗಳ ಮಂಡಿ ತರಚಿತೆಂದು ಸೊಸೆ ಟಿಂಚರ್ ಸೀಸೆಯ ಮುಚ್ಚಳ ತೆಗೆದಳು. ಆ ಘಾಟು ಮೂಗಿಗೆ ಬಿದ್ದದ್ದೇ ತಡ, ಹನೂರಿನ ಮಿಷನ್ ಆಸ್ಪತ್ರೆಯ ಜಗಲಿ ಕಣ್ಣಿಗೆ ಬಂತು. ಅಲ್ಲಿ ನನ್ನ ಅನುವಾದದ ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಕೂತಿದ್ದ ಸಿಸ್ಟರಮ್ಮ... ಇಷ್ಟು ವರ್ಷವಾದರೂ ಮೊದಲು ಬಂದದ್ದು ಸಿಟ್ಟೇ.

ಆಕೆ ಪೋಲೆಂಡ್ ದೇಶದ ಸನ್ಯಾಸಿನಿ, ಆ ಆಸ್ಪತ್ರೆಯ ನರ್ಸು. ಕೊಳ್ಳೇಗಾಲದ ಸೀಮೆ ಮದರಾಸಿನಿಂದ ಮೈಸೂರಿಗೆ ಸೇರಿ ಆಗ ಏಳೆಂಟು ವರ್ಷವಾಗಿತ್ತು. ನಾನು ಹನೂರಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಸಂಜೆ ಆಕೆಗೆ ಕನ್ನಡ ಪಾಠ ಹೇಳುತ್ತಿದ್ದೆ. ನಾನು ಕಲಿಸಿದ ವ್ಯಾಕರಣ ಒಂದೂ ನಿಲ್ಲಲಿಲ್ಲ. ಕೌದಳ್ಳಿ ಕಡೆಯ ರೋಗಿಗಳ ಬಾಯಿಂದ ಕಲಿತ ಮಾತೇ ನಿಂತಿತು.

ಯಳಂದೂರಿನ ಸಾಹಿತ್ಯಾಸಕ್ತರು ಹೊರದೇಶದ ಕವಿಯೊಬ್ಬನ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ರಷ್ಯಾದಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕವೊಂದು ನನ್ನಲ್ಲಿತ್ತು. ಯುಕ್ರೇನಿನ ರಾಷ್ಟ್ರಕವಿಯ ಪದ್ಯಗಳು. ಜೀತದ ಮನೆಯಲ್ಲಿ ಹುಟ್ಟಿ, ದೊರೆಯ ವಿರುದ್ಧ ಬರೆದು, ಗಡಿಪಾರಾಗಿ ಸಿಪಾಯಿ ಚಾಕರಿ ಮಾಡಿದವನು. ತೋರಿಸಿದರೆ ಸಿಸ್ಟರಮ್ಮ ಹಿಗ್ಗುತ್ತಾರೆಂದುಕೊಂಡೆ. ಆಕೆ ಕವಿಯ ಚಿತ್ರ ನೋಡಿ ಪುಸ್ತಕವನ್ನು ಬೋರಲು ಹಾಕಿದರು.

"ಈವಯ್ಯ ನಮ್ಮೋನಲ್ಲ ಸಾ."

ಅಕ್ಕಪಕ್ಕದ ದೇಶ, ಎಲ್ಲ ಒಂದೇ ಅಲ್ಲವೇ ಎಂದೆ. ಹಾಗಾದರೆ ನೀವು ತಮಿಳರೋ ಎಂದು ಕೇಳಿದರು. ಮದರಾಸಿಗೆ ಸೇರಿದ್ದ ಸೀಮೆಯವನೆಂದು ಮೈಸೂರಿನ ಕಡೆಯವರು ನನ್ನನ್ನು ಹಾಗೆ ಕೇಳಿ ಕೇಳಿ ರೇಗಿಸಿದ್ದು ಆಕೆಗೆ ಗೊತ್ತಿತ್ತು.

ಆದರೂ ಅನುವಾದಕ್ಕೆ ಜೊತೆಯಲ್ಲಿ ಕೂತರು. ಅದೇ ನನ್ನ ಗ್ರಹಚಾರ. ಒಂದು ನೀಳ್ಗವನದಲ್ಲಿ ಯುಕ್ರೇನಿನ ರೈತರು ದಂಗೆಯೆದ್ದು ಪೋಲೆಂಡಿನ ಜಮೀನ್ದಾರರನ್ನು ಮಕ್ಕಳುಮರಿಯೆನ್ನದೆ ಕೊಲ್ಲುತ್ತಾರೆ. ಸೋಮವಾರ, ಅದನ್ನು ಬಿಟ್ಟುಬಿಡಿ ಎಂದರು. ಮಂಗಳವಾರ, ಬಿಟ್ಟರೆ ಮೋಸ, ಬರೆಯಿರಿ ಎಂದರು. ಬುಧವಾರ ಹೊಸ ತಕರಾರು: ಗಡಿಪಾರಿನಲ್ಲಿ ಅವನಿಗೆ ಹೆಗಲಾದವರಲ್ಲಿ ಪೋಲೆಂಡಿನವರೂ ಇದ್ದರು, ಅವರನ್ನು ಅವನು ಒಡಹುಟ್ಟಿದವರಂತೆ ಕಂಡ, ಅದೂ ಬರಬೇಕು. ಆಕೆಯ ಅಜ್ಜಿ ಆ ಕವಿಯನ್ನು ಕೊಲೆಗಾರರ ಹೊಗಳುಭಟ್ಟ ಎನ್ನುತ್ತಿದ್ದರಂತೆ. ಅದೇ ಮನೆಯಲ್ಲಿ, ಮೇಷ್ಟ್ರಾಗಿದ್ದ ಅಪ್ಪ ಅವನ ಪದ್ಯಗಳ ಪೋಲಿಷ್ ಅನುವಾದವನ್ನು ದಿಂಬಿನಡಿ ಇಟ್ಟುಕೊಳ್ಳುತ್ತಿದ್ದರಂತೆ. ನಿಮ್ಮ ಜನ ಅವನನ್ನು ಒಪ್ಪುತ್ತಾರೋ ಇಲ್ಲವೋ, ಒಂದು ಮಾತಿನಲ್ಲಿ ಹೇಳಿ ಎಂದು ಗೋಗರೆದೆ.

"ಎರಡ್ನೂವೆ ಬರ್ಕಳಿ ಸಾ."

ಯಳಂದೂರಿನವರು ಕೊಟ್ಟಿದ್ದು ಇಪ್ಪತ್ತು ನಿಮಿಷ.

ಭಾಷಣದ ದಿನ ಆಕೆಯೂ ಬಸ್ಸಿನಲ್ಲಿ ಬಂದರು. ಬೇಸತ್ತಿದ್ದ ನಾನು ಪೋಲೆಂಡಿನ ಸಂಗತಿಯನ್ನೇ ಕೈಬಿಟ್ಟು, ನೆರೆಯವರೆಲ್ಲ ಎದೆಗೊತ್ತಿಕೊಂಡ ಕವಿ ಎಂದು ಮಾತು ಮುಗಿಸಿದೆ. ಚಪ್ಪಾಳೆ ಬಿತ್ತು. ಸಿಸ್ಟರಮ್ಮ ಎದ್ದು ನಿಂತು, ಸಾ ಏಳಿದ್ದು ದಿಟ ಅಲ್ಲ ಎಂದರು. ಬಿಳಿ ನಿಲುವಂಗಿಯ ಪರದೇಶದ ಹೆಂಗಸಿನ ಬಾಯಲ್ಲಿ ನಮ್ಮ ಹಳ್ಳಿಮಾತು ಕೇಳಿ ಜನ ನಕ್ಕರು. ನಾನು ನೆಲ ನೋಡುತ್ತಾ ಕೂತೆ.

ಆಕೆ ನಿಲ್ಲಿಸಲಿಲ್ಲ. ಅವರ ಊರಿನಲ್ಲಿ ಪಕ್ಕದ ಮನೆಯವರು ಯುಕ್ರೇನಿನವರು. ಆ ಮನೆಯ ಅವ್ವ ಈ ಕವಿಯ ಪದ ಹಾಡಿಯೇ ಈಕೆಯನ್ನು ತೊಟ್ಟಿಲಲ್ಲಿ ತೂಗಿದ್ದು. ಯುದ್ಧ ಬಂದಾಗ ಆ ಅವ್ವನ ಗಂಡುಮಕ್ಕಳೇ ಇವರ ಮನೆಗೆ ಬೆಂಕಿಯಿಟ್ಟರು. ಅವರ ಬಾಯಲ್ಲೂ ಅದೇ ಕವಿಯ ಪದ. ಅಪ್ಪ ಒಳಗೇ ಉಳಿದರು. ಈಕೆಯನ್ನು ಮೂರು ದಿನ ಹುಲ್ಲಿನ ಮೆದೆಯಲ್ಲಿ ಬಚ್ಚಿಟ್ಟು ಕಾದವಳೂ ಆ ಅವ್ವನೇ.

"ಆ ಪದ ಕೇಳುದ್ರೆ ನಂಗೆ ಬೆಂಕಿನೂ ಕಾಣ್ತದೆ, ಆ ಅವ್ವನ ಮಡ್ಲೂ ಕಾಣ್ತದೆ. ಒಂದ ಬುಟ್ಟು ಒಂದ ಎಂಗ್ ಏಳ್ಲಿ?"



ನನಗೆ ಮರುಕ ಬರಬೇಕಿತ್ತು. ಬಂದದ್ದು ಅವಮಾನ. ತಿಂಗಳುಗಟ್ಟಲೆ ಎದುರೆದುರು ಕೂತಿದ್ದೆವಲ್ಲ, ಇದನ್ನು ನನಗೇ ಮೊದಲು ಹೇಳಬಾರದಿತ್ತೇ... ವಾಪಸು ಬರುವಾಗ ಆಕೆ ಮುಂದಿನ ಸೀಟಿನಿಂದ ಎರಡು ಸಲ ತಿರುಗಿ ಮಾತು ತೆಗೆದರು. ನಾನು ಕಿಟಕಿಯ ಆಚೆ ನೋಡಿದೆ. ಪಾಠಕ್ಕೂ ಹೋಗಲಿಲ್ಲ. ಸಿಟ್ಟು ಇಳಿದು ಆಸ್ಪತ್ರೆಗೆ ಹೋದಾಗ ಅಲ್ಲಿ ಬೇರೆ ಸಿಸ್ಟರ್ ಇದ್ದರು. ಈಕೆಗೆ ವರ್ಗವಾಗಿ ಹತ್ತು ದಿನ ಕಳೆದಿತ್ತು. ವಿಳಾಸ ಬರೆದುಕೊಟ್ಟರು. ನಾಳೆ ಬರೆದರಾಯಿತು, ನಾಳಿದ್ದು ಬರೆದರಾಯಿತು ಎನ್ನುತ್ತ ವರ್ಷಗಳು ಉರುಳಿದವು. ಕೊನೆಗೂ ಹಾಕಿದ ಕಾಗದಕ್ಕೆ ಬಂದ ಉತ್ತರ ಒಂದೇ ಸಾಲು. ಆಕೆ ಜ್ವರದಿಂದ ತೀರಿಕೊಂಡು ಎರಡು ವರ್ಷವಾಗಿತ್ತು.

ಆಕೆಯ ಮೇಲಿನ ಸಿಟ್ಟು ಈಗ ನನ್ನ ಮೇಲೆಯೇ ತಿರುಗಿದೆ. ಒಂದೊಂದು ಪದಕ್ಕೂ ಅಷ್ಟು ಕಾದಾಡಿದ ನಾನು, ಆ ಅವ್ವ ಹಾಡುತ್ತಿದ್ದದ್ದು ಯಾವುದು, ಒಮ್ಮೆ ಹಾಡಿ ಎಂದು ಕೇಳಲೇ ಇಲ್ಲ. ಆ ಬಸ್ಸಿನಲ್ಲೇ ಕೇಳಬಹುದಿತ್ತು. ಕೊಳ್ಳೇಗಾಲ ದಾಟಿ ಹನೂರು ಬರುವವರೆಗೂ ಆಕೆ ಮುಂದಿನ ಸೀಟಿನಲ್ಲೇ ಇದ್ದರು.